ಗಡಿನಾಡಿನ ಮೇಷ್ಟ್ರು ಬಿ. ಆರ್. ಪಂತುಲು

ನಮ್ಮ ಶಾಲೆಯ ಅಂಗಳದಲ್ಲಿ ದಿನವೂ ಬೆಳಿಗ್ಗೆ ‘ಸ್ವಾಮಿ ದೇವನೆ’ ಪ್ರಾರ್ಥನೆ ಕೇಳಿಬರುತ್ತದೆ. ಸೋಸಲೆ ಅಯ್ಯಾಶಾಸ್ತ್ರಿಗಳು ಬರೆದ ಈ ಪ್ರಾರ್ಥನೆ ಒಂದು ಹಳೆಯ ಚಲನಚಿತ್ರದಲ್ಲಿಯೂ ಇದೆಯೆಂದು ಹೋದ ವರ್ಷ ಒಂಬತ್ತನೆಯ ತರಗತಿಯಲ್ಲಿ ನಾವು ಹೇಳಿದೆವು. ಮಕ್ಕಳು ನಕ್ಕರು. ಪ್ರಾರ್ಥನೆಗೂ ಸಿನಿಮಾಕ್ಕೂ ಏನು ಸಂಬಂಧವೆಂದು ಅವರಿಗೆ ಅನಿಸಿರಬೇಕು. ಚಿತ್ರದ ಹೆಸರು ‘ಸ್ಕೂಲ್ ಮಾಸ್ಟರ್’, ತೆರೆಕಂಡದ್ದು 1958ರಲ್ಲಿ, ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿರೆಂದು ಹೇಳಿ ಕಳುಹಿಸಿದೆವು.

ಮರುದಿನ ಒಬ್ಬ ಹುಡುಗ ತಂದ ಉತ್ತರ ಸ್ವಾರಸ್ಯವಾಗಿತ್ತು. ಅವನ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಸಿರುಗುಪ್ಪದ ಕಡೆಯ ತವರೂರಿನಲ್ಲಿ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ಆ ಚಿತ್ರ ನೋಡಿ ಅತ್ತಿದ್ದರಂತೆ. ಅವನ ತಂದೆ ಮಾತ್ರ ಅದು ಕನ್ನಡದ್ದೇ ಅಲ್ಲ, ಎನ್.ಟಿ. ರಾಮಾರಾವ್ ಅಭಿನಯಿಸಿದ ‘ಬಡಿ ಪಂತುಲು’ ಎಂಬ ತೆಲುಗು ಚಿತ್ರವೆಂದು ವಾದಿಸಿದರಂತೆ. ಅಕ್ಕ ಇಬ್ಬರನ್ನೂ ಒಪ್ಪದೆ, ಅದು ಟಿ.ವಿ.ಯಲ್ಲಿ ಬರುವ ‘ಬಾಗಬಾನ್’ ಎಂಬ ಹಿಂದಿ ಚಿತ್ರದ ಕಥೆಯೆಂದು ಹೇಳಿದಳಂತೆ. ಒಂದೇ ಮನೆ, ಮೂರು ತಲೆಮಾರು, ಮೂರು ಭಾಷೆ. ಕಥೆ ಮಾತ್ರ ಹೆಚ್ಚು ಕಡಿಮೆ ಒಂದೇ. ತಟ್ಟೆಯಲ್ಲಿನ ಅನ್ನ ಆರುವವರೆಗೂ ವಾದ ನಡೆಯಿತೆಂದು ಹುಡುಗ ವರದಿ ಒಪ್ಪಿಸಿದ.

ಮೂವರಲ್ಲಿ ಅಜ್ಜಿಯ ಚಿತ್ರವೇ ಹಿರಿಯದು. ‘ಬಾಗಬಾನ್’ ಬಂದದ್ದು 2003ರಲ್ಲಿ. ಅದಕ್ಕೆ 31 ವರ್ಷ ಮೊದಲು, 1972ರಲ್ಲಿ, ‘ಬಡಿ ಪಂತುಲು’ ಬಂದಿತ್ತು. ಅದಕ್ಕೂ 14 ವರ್ಷ ಮೊದಲಿನದು ‘ಸ್ಕೂಲ್ ಮಾಸ್ಟರ್’. ತೆಲುಗಿನದು ಇದರ ಕಥೆಯನ್ನೇ ಎತ್ತಿಕೊಂಡು ಮಾಡಿದ್ದು. ಕನ್ನಡ ಚಿತ್ರವನ್ನು ನಿರ್ಮಿಸಿ, ನಿರ್ದೇಶಿಸಿ, ಮೇಷ್ಟ್ರ ಪಾತ್ರವನ್ನೂ ತಾವೇ ವಹಿಸಿದವರು ಬಿ.ಆರ್. ಪಂತುಲು. ಹೆಸರು ಕೇಳಿದವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಅವರ ಜೀವನವನ್ನು ನಮ್ಮ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತಿಳಿಸೋಣವೆಂದು ಈ ಪುಟಗಳನ್ನು ಬರೆಯುತ್ತಿದ್ದೇವೆ.

ಬೂದಗೂರು ರಾಮಕೃಷ್ಣಯ್ಯ ಪಂತುಲು ಅವರು 1910ರ ಜುಲೈ 26ರಂದು ಜನಿಸಿದರು. ಬೂದಗೂರು ಕೋಲಾರದ ಕಡೆಯ ಗಡಿಸೀಮೆಯ ಊರು. ಅಲ್ಲಿ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ನಡೆದಾಡುತ್ತವೆ, ತಮಿಳು ಬಲು ದೂರವೇನಿಲ್ಲ. ‘ಪಂತುಲು’ ಎಂಬ ಮಾತಿಗೆ ತೆಲುಗಿನಲ್ಲಿ ಉಪಾಧ್ಯಾಯನೆಂಬ ಅರ್ಥವುಂಟೆಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿಗೆ ತಕ್ಕಂತೆ ಶ್ರೀಯುತರು ಮೊದಲು ಕೈಗೊಂಡ ವೃತ್ತಿಯೂ ಅದೇ ಆಗಿತ್ತು. ಆದರೆ ನಾಟಕದ ಗೀಳು ಅವರನ್ನು ಕರಿಹಲಗೆಯ ಮುಂದೆ ಬಹಳ ಕಾಲ ನಿಲ್ಲಗೊಡಲಿಲ್ಲ. ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯನ್ನು ಸೇರಿ ನಟರಾದರು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಎರಡೇ ವರ್ಷಕ್ಕೆ, 1936ರಲ್ಲಿ, ಎಚ್.ಎಲ್.ಎನ್. ಸಿಂಹ ಅವರು ‘ಸಂಸಾರ ನೌಕ’ ಎಂಬ ನಾಟಕವನ್ನು ಚಿತ್ರವಾಗಿಸಿದರು. ಪುರಾಣದ ಕಥೆಗಳೇ ಬರುತ್ತಿದ್ದ ಕಾಲದಲ್ಲಿ ಇದು ನಮ್ಮ ನಿಮ್ಮಂಥವರ ಮನೆಯ ಕಥೆ. ಇದರ ನಾಯಕರಾಗಿ ಪಂತುಲು ಅವರು ಬೆಳ್ಳಿತೆರೆಗೆ ಬಂದರು. ನಾಯಕಿ ಎಂ.ವಿ. ರಾಜಮ್ಮ. ಮುಂದೆ ಈ ಜೋಡಿ ಎಷ್ಟೋ ಚಿತ್ರಗಳಲ್ಲಿ ಗಂಡಹೆಂಡಿರಾಗಿ ಕಾಣಿಸಿಕೊಂಡಿತು.

ಆ ಕಾಲದಲ್ಲಿ ಕನ್ನಡ ಚಿತ್ರ ಮಾಡಬೇಕೆನ್ನುವವರು ಹೆಚ್ಚಾಗಿ ಮದರಾಸಿಗೇ ಹೋಗಬೇಕಾಗಿತ್ತು. ಸ್ಟುಡಿಯೋಗಳು ಅಲ್ಲಿ, ಹಣ ಹಾಕುವವರು ಅಲ್ಲಿ. ಪಂತುಲು ಅವರೂ ಅಲ್ಲಿಗೇ ಹೋದರು. 1947ರಲ್ಲಿ ಬಂದ ‘ನಾಮ್ ಇರುವರ್’ ಮೊದಲಾದ ತಮಿಳು ಚಿತ್ರಗಳಲ್ಲಿ ಅಭಿನಯಿಸಿದರು. ಊರಿನಲ್ಲಿ ಎರಡು ಭಾಷೆಗಳ ನಡುವೆ ಬೆಳೆದವರಿಗೆ ಮೂರನೆಯದು ಭಾರವೆನಿಸಲಿಲ್ಲ. ಮನೆಯಲ್ಲೊಂದು, ಶಾಲೆಯಲ್ಲೊಂದು, ಸಂತೆಯಲ್ಲೊಂದು ಮಾತು ಆಡುತ್ತಾ ಯಾವುದೂ ನೆಟ್ಟಗೆ ಬರುವುದಿಲ್ಲವೆಂದು ನಮ್ಮ ಮಕ್ಕಳನ್ನು ಹೊರಗಿನವರು ಹೀಯಾಳಿಸುವುದುಂಟು. ಕೆಲವು ಪೋಷಕರೂ ಅದನ್ನು ನಂಬಿ, ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸುವ ಮಾತೆತ್ತುತ್ತಾರೆ. ಪಂತುಲು ಅವರು ಹೊಟ್ಟೆ ಹೊರೆದದ್ದೂ ಹೆಸರು ಗಳಿಸಿದ್ದೂ ಈ ಬೆರಕೆಯ ಬಲದಿಂದಲೇ.

ಅವರು ಪಿ. ನೀಲಕಂಠನ್ ಮೊದಲಾದ ಗೆಳೆಯರೊಂದಿಗೆ ಪದ್ಮಿನಿ ಪಿಕ್ಚರ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. 1954ರಲ್ಲಿ ತಮಿಳಿನ ‘ಕಲ್ಯಾಣಂ ಪಣ್ಣಿಯುಂ ಬ್ರಹ್ಮಚಾರಿ’ ಬಂದಿತು. 1955ರಲ್ಲಿ ‘ಮೊದಲ ತೇದಿ’ ಎಂಬ ಚಿತ್ರ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬಂದಿತು. ತಿಂಗಳ ಮೊದಲ ತೇದಿಯೆಂದರೆ ಸಂಬಳದ ದಿನ. ಆ ದಿನದ ಮಹಿಮೆಯನ್ನು ಉಪಾಧ್ಯಾಯರ ಮನೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ! 1957ರಲ್ಲಿ ಪಂತುಲು ಅವರು ತಾವೇ ನಿರ್ದೇಶಕರಾಗಿ ‘ರತ್ನಗಿರಿ ರಹಸ್ಯ’ ಮಾಡಿದರು. ಅದೂ ತಮಿಳಿನಲ್ಲಿ ‘ತಂಗಮಲೈ ರಹಸಿಯಂ’ ಆಗಿ ಬಂದಿತು. ಒಂದು ಕಥೆ, ಒಂದು ಸಂಗೀತ, ಭಾಷೆಗೊಂದು ತಾರಾಬಳಗ: ಇದು ಅವರ ಕ್ರಮವಾಯಿತು. ಟಿ.ಜಿ. ಲಿಂಗಪ್ಪನವರ ಸಂಗೀತ ಅವರ ಎಷ್ಟೋ ಚಿತ್ರಗಳಿಗೆ ಜೀವ ತುಂಬಿತು.

ಇಲ್ಲಿ ನಮ್ಮ ಊರಿನ ಮಾತನ್ನೂ ಸ್ವಲ್ಪ ಹೇಳಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಆದವಾನಿಯ ಜೊತೆಗೆ ಕೌತಾಳಂ ಕೂಡ ಬಂದಿತು. ಹೆಣ್ಣು ಕೊಟ್ಟು ತಂದ ಮನೆಗಳ ನಡುವೆ ರಾಜ್ಯದ ಗಡಿ ಬಂದು ಕುಳಿತಿತು. ಆಮೇಲೆ ನಮ್ಮ ಜನ ಸಿರುಗುಪ್ಪದ ಕಡೆ ನೆಂಟರ ಮನೆಗೆ ಹೋದರೆ ಕನ್ನಡ ಚಿತ್ರ, ಆದವಾನಿಗೆ ಹತ್ತಿ ಮಾರಲು ಹೋದರೆ ತೆಲುಗು ಚಿತ್ರ ನೋಡಿ ಬರುವಂತಾಯಿತು. ಪಂತುಲು ಅವರ ಕಥೆ ಎರಡು ಕಡೆಯೂ ಎದುರಾಗುತ್ತಿತ್ತು, ಅದು ಅವರದೆಂದು ತಿಳಿಯದಿದ್ದರೂ ಸಹ.

ಇನ್ನು ‘ಸ್ಕೂಲ್ ಮಾಸ್ಟರ್’. ಪ್ರಾಮಾಣಿಕನಾದ ಒಬ್ಬ ಮೇಷ್ಟ್ರು, ಅವನನ್ನು ನೆರಳಿನಂತೆ ಅನುಸರಿಸುವ ಹೆಂಡತಿ, ಬೆಳೆದ ಗಂಡುಮಕ್ಕಳು. ಮೇಷ್ಟ್ರು ಹೊಟ್ಟೆಬಟ್ಟೆ ಕಟ್ಟಿ ಒಂದು ಮನೆ ಮಾಡಿಕೊಳ್ಳುತ್ತಾನೆ. ಮುಪ್ಪಿನಲ್ಲಿ ಆ ಮನೆ ಕೈಬಿಡುತ್ತದೆ. ತಂದೆ ಒಬ್ಬ ಮಗನ ಮನೆಗೆ, ತಾಯಿ ಮತ್ತೊಬ್ಬ ಮಗನ ಮನೆಗೆ ಹೋಗಬೇಕಾಗುತ್ತದೆ. ಬದುಕೆಲ್ಲ ಜೊತೆಯಲ್ಲಿ ಕಳೆದ ಇಬ್ಬರು ಮುದಿವಯಸ್ಸಿನಲ್ಲಿ ಹಂಚಿಹೋಗುತ್ತಾರೆ. ಕೊನೆಗೆ ಅವರ ಕೈಹಿಡಿಯುವವನು ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ, ಹಿಂದೊಮ್ಮೆ ಮೇಷ್ಟ್ರ ಮುಂದೆ ಕುಳಿತು ಕಲಿತು ಪೊಲೀಸ್ ಅಧಿಕಾರಿಯಾದ ಶಿಷ್ಯ. ಆ ಚಿಕ್ಕ ಪಾತ್ರದಲ್ಲಿ ತಮಿಳಿನ ಹೆಸರಾಂತ ನಟ ಶಿವಾಜಿ ಗಣೇಶನ್ ಬಂದಿದ್ದಾರೆ. ಮೇಷ್ಟ್ರ ಹೆಂಡತಿ ಎಂ.ವಿ. ರಾಜಮ್ಮ. ಉದಯಕುಮಾರ್, ಬಿ. ಸರೋಜಾದೇವಿ, ನರಸಿಂಹರಾಜು, ಬಾಲಕೃಷ್ಣ ಇವರೂ ಇದ್ದಾರೆ.

ಚಿತ್ರ 25 ವಾರ ನಡೆದು ಬೆಳ್ಳಿಹಬ್ಬ ಕಂಡಿತು. ರಾಷ್ಟ್ರಮಟ್ಟದ ಪುರಸ್ಕಾರವನ್ನೂ ಪಡೆಯಿತು. ಮರುವರ್ಷವೇ ಪಂತುಲು ಅವರು ಹಿಂದಿಯಲ್ಲಿ ಅದನ್ನು ಮಾಡಿದರು. 1964ರಲ್ಲಿ ಮಲಯಾಳಕ್ಕೆ ಹೋಯಿತು. ಮಲಯಾಳದ ಚಿತ್ರವನ್ನು ನಿರ್ದೇಶಿಸಿದವರು ಪಂತುಲು ಅವರ ಕೈಕೆಳಗೆ ಕೆಲಸ ಕಲಿತ ಪುಟ್ಟಣ್ಣ ಕಣಗಾಲ್. ಮುಂದೆ ಕನ್ನಡದಲ್ಲಿ ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ನಾಗರಹಾವು’ ಚಿತ್ರಗಳನ್ನು ಕೊಟ್ಟ ಪುಟ್ಟಣ್ಣನವರೇ ಇವರು. ಮೇಷ್ಟ್ರ ಕಥೆಯನ್ನು ಮೇಷ್ಟ್ರ ಶಿಷ್ಯನೇ ಇನ್ನೊಂದು ನಾಡಿಗೆ ಕೊಂಡೊಯ್ದಂತಾಯಿತು. 1972ರಲ್ಲಿ ರಾಮಾರಾವ್ ಮತ್ತು ಅಂಜಲಿದೇವಿ ಅವರ ತೆಲುಗು ಚಿತ್ರ, 1973ರಲ್ಲಿ ಮತ್ತೆ ಪುಟ್ಟಣ್ಣನವರಿಂದಲೇ ತಮಿಳು ಚಿತ್ರ. ಐದು ಭಾಷೆಗಳಲ್ಲಿ ಜನ ಈ ಕಥೆಗೆ ಅತ್ತರೆಂದರೆ, ಮುಪ್ಪಿನವರನ್ನು ಹಂಚಿಕೊಳ್ಳುವ ಕಷ್ಟ ಯಾವ ಒಂದು ಭಾಷೆಯವರದೂ ಆಗಿರಲಿಲ್ಲ.

1960ರಲ್ಲಿ ‘ಮಕ್ಕಳ ರಾಜ್ಯ’ ಬಂದಿತು. ಮಕ್ಕಳೇ ಆಳ್ವಿಕೆ ನಡೆಸುವ ಈ ಕಥೆಯನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾಡಿದರು. ನಮ್ಮ ಹಾಸ್ಯನಟ ಎಂ.ಎಸ್. ಉಮೇಶ್ ಇದರಲ್ಲಿ ಬಾಲನಟ. 1962ರ ‘ಗಾಳಿಗೋಪುರ’ದಲ್ಲಿ ಕನ್ನಡಕ್ಕೆ ರಾಜಕುಮಾರ್, ಅದೇ ವರ್ಷದ ತೆಲುಗಿನ ‘ಗಾಲಿಮೇಡಲು’ವಿನಲ್ಲಿ ರಾಮಾರಾವ್. 1964ರ ‘ಚಿನ್ನದ ಗೊಂಬೆ’ಯಲ್ಲಿ ಜಯಲಲಿತಾ ಎಂಬ ಹೊಸ ಹುಡುಗಿ ನಾಯಕಿಯಾದಳು. ಮರುವರ್ಷ ಎಂ.ಜಿ. ರಾಮಚಂದ್ರನ್ ಜೊತೆಗೆ ಅದೇ ಹುಡುಗಿ ತಮಿಳಿನ ‘ಆಯಿರತ್ತಿಲ್ ಒರುವನ್’ನಲ್ಲಿ ಬಂದಳು. ರಾಮಚಂದ್ರನ್, ರಾಮಾರಾವ್, ಜಯಲಲಿತಾ ಮೂವರೂ ಮುಂದೆ ಮುಖ್ಯಮಂತ್ರಿಗಳಾದರು. ಮೂವರು ಮುಖ್ಯಮಂತ್ರಿಗಳಿಗೆ ಹೀಗೆ ನಿಲ್ಲಿ, ಹಾಗೆ ನಡೆಯಿರಿ ಎಂದು ಹೇಳಿಕೊಟ್ಟ ಮೇಷ್ಟ್ರು ಬೇರೊಬ್ಬರು ಸಿಗುವುದು ಕಷ್ಟವೆಂದು ಸಮಾಜವಿಜ್ಞಾನ ಬೋಧಿಸುವ ನಮ್ಮ ಸಹೋದ್ಯೋಗಿಯೊಬ್ಬರು ತಮಾಷೆ ಮಾಡುತ್ತಾರೆ.

ದೇಶಭಕ್ತರ ಚರಿತ್ರೆಗಳ ಮೇಲೆ ಶ್ರೀಯುತರಿಗೆ ವಿಶೇಷ ಒಲವು. 1959ರಲ್ಲಿ ಬಣ್ಣದ ‘ವೀರಪಾಂಡ್ಯ ಕಟ್ಟಬೊಮ್ಮನ್’ ಮಾಡಿದರು. ಅದರ ಅಭಿನಯಕ್ಕಾಗಿ ಶಿವಾಜಿ ಗಣೇಶನ್ ಅವರಿಗೆ 1960ರಲ್ಲಿ ಕೈರೋ ನಗರದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ದೊರೆಯಿತು. 1961ರಲ್ಲಿ ಸ್ವದೇಶಿ ಹಡಗು ನಡೆಸಿದ ವಿ.ಒ. ಚಿದಂಬರಂ ಪಿಳ್ಳೆಯವರ ಜೀವನವನ್ನು ‘ಕಪ್ಪಲೋಟ್ಟಿಯ ತಮಿಳನ್’ ಎಂಬ ಹೆಸರಿನಲ್ಲಿ ತೆಗೆದರು. ವಿದ್ವಾಂಸರು ಹೊಗಳಿದರು, ಆದರೆ ಹಾಕಿದ ಹಣ ಮರಳಿ ಬರಲಿಲ್ಲ. ಅದೇ ವರ್ಷ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದರು. 1824ರಲ್ಲಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ರಾಣಿಯ ಪಾಠ ಬಂದಾಗಲೆಲ್ಲ, ಪಾಠದ ಚಿತ್ರಪಟಕ್ಕಿಂತ ಸರೋಜಾದೇವಿಯ ಮುಖವೇ ಹಿರಿಯರ ಕಣ್ಣ ಮುಂದೆ ಬರುತ್ತದೆ. ಇದರಲ್ಲಿ ಒಂದು ಅಪಾಯವೂ ಉಂಟೆಂದು ನಮ್ಮ ಅಭಿಪ್ರಾಯ. ಚಿತ್ರದ ಅರಮನೆಯಲ್ಲಿ ನಡೆದುದೆಲ್ಲ ಚರಿತ್ರೆಯಲ್ಲ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಕಳೆದುಕೊಂಡವರಿದ್ದಾರೆ. ಮಾತು ಎತ್ತರದ್ದು, ಅಭಿನಯ ನಾಟಕದ್ದು, ಪರದೆಯ ಹಿಂದಿನ ಕೋಟೆ ಬಣ್ಣ ಬಳಿದದ್ದೆಂದು ಇಂದಿನ ಮಕ್ಕಳಿಗೆ ತಕ್ಷಣ ತಿಳಿದುಬಿಡುತ್ತದೆ. ಪಂತುಲು ಅವರು ನಾಟಕ ಮಂಡಳಿಯಿಂದ ಬಂದವರು, ಕೊನೆಯವರೆಗೂ ಅದನ್ನು ಬಿಡಲಿಲ್ಲ.

ನಮ್ಮ ಸೀಮೆಗೆ ಅವರು ಬಹಳ ಹತ್ತಿರವಾಗುವುದು 1970ರ ‘ಶ್ರೀಕೃಷ್ಣದೇವರಾಯ’ದಿಂದ. 1509ರಿಂದ 1529ರವರೆಗೆ ವಿಜಯನಗರವನ್ನು ಆಳಿದ ಈ ದೊರೆ ಕನ್ನಡಿಗನೋ ತೆಲುಗನೋ ಎಂದು ಪಟ್ಟಣದವರು ಜಗಳವಾಡುತ್ತಾರೆ. ನಮಗೆ ಆ ಜಗಳ ಅಷ್ಟಾಗಿ ಅಂಟಿಲ್ಲ. ಹಂಪಿಯೂ ನಮಗೆ ಹತ್ತಿರ, ಅವನು 1520ರಲ್ಲಿ ಕಾದಿ ಗೆದ್ದ ರಾಯಚೂರೂ ಹತ್ತಿರ, ವಿಜಯನಗರದವರ ಆದವಾನಿ ಕೋಟೆಯಂತೂ ಕಣ್ಣಿಗೆ ಕಾಣುವಷ್ಟು ಹತ್ತಿರ. ನಮ್ಮಲ್ಲಿ ಜಗಳವಿರುವುದು ಬೇರೆ: ರಾಯನ ಪಾತ್ರಕ್ಕೆ ರಾಜಕುಮಾರ್ ಮೇಲೋ ರಾಮಾರಾವ್ ಮೇಲೋ? ತೆಲುಗಿನಲ್ಲಿ 1962ರಲ್ಲಿಯೇ ‘ಮಹಾಮಂತ್ರಿ ತಿಮ್ಮರಸು’ ಬಂದಿತ್ತು. ಅದರಲ್ಲಿ ರಾಯ ರಾಮಾರಾವ್, ಮಂತ್ರಿ ಗುಮ್ಮಡಿ. ಕನ್ನಡದಲ್ಲಿ ರಾಯ ರಾಜಕುಮಾರ್, ಮಂತ್ರಿ ಸ್ವತಃ ಪಂತುಲು. ರಾಯನ ವಿಷಯದಲ್ಲಿ ನಾವು ತೀರ್ಪು ಕೊಡಲಾರೆವು, ಊರಿನಲ್ಲಿ ಬಾಳಬೇಕಲ್ಲ! ಮಂತ್ರಿಯ ಮಾತು ಹೇಳಬಹುದು. ದೊರೆಯನ್ನು ಮಗನಂತೆ ಸಾಕಿ, ಕೊನೆಗೆ ಅದೇ ದೊರೆಯ ಸಂಶಯಕ್ಕೆ ಗುರಿಯಾಗುವ ಮುದುಕನ ಪಾತ್ರದಲ್ಲಿ ಪಂತುಲು ಅವರು ದನಿ ಎತ್ತದೆ ನಿಲ್ಲುವ ಘಳಿಗೆಗಳಿವೆ. ಹನ್ನೆರಡು ವರ್ಷ ಹಿಂದಿನ ಮೇಷ್ಟ್ರೇ ಮಂತ್ರಿಯ ಉಡುಪಿನಲ್ಲಿ ಬಂದು ನಿಂತಂತೆ ನಮಗೆ ಕಾಣುತ್ತದೆ.

ಈ ನಡುವೆ ‘ಎಮ್ಮೆ ತಮ್ಮಣ್ಣ’, ‘ಬೀದಿ ಬಸವಣ್ಣ’ ಮೊದಲಾದ ಚಿತ್ರಗಳನ್ನೂ ಮಾಡಿದರು. ಅವು ಜನರನ್ನು ನಗಿಸಿದವು, ಹಣವನ್ನೂ ತಂದಿರಬೇಕು. ಅವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1974ರ ಅಕ್ಟೋಬರ್ 8ರಂದು, 64ನೆಯ ವಯಸ್ಸಿನಲ್ಲಿ, ಪಂತುಲು ಅವರು ನಿಧನರಾದರು. ಕೈಯಲ್ಲಿದ್ದ ‘ಮದುರೈಯೈ ಮೀಟ್ಟ ಸುಂದರಪಾಂಡಿಯನ್’ ಎಂಬ ತಮಿಳು ಚಿತ್ರ ಅರ್ಧಕ್ಕೆ ನಿಂತಿತು. ಅದನ್ನು ಎಂ.ಜಿ. ರಾಮಚಂದ್ರನ್ ಅವರೇ ನಿರ್ದೇಶಿಸಿ ಮುಗಿಸಿದರು, 1978ರಲ್ಲಿ ಬಿಡುಗಡೆಯಾಯಿತು. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಕ್ಯಾಮೆರಾ ಕೈಗೆತ್ತಿಕೊಂಡು, ಹೆಂಗಸರು ಕಾಲಿಡದಿದ್ದ ಛಾಯಾಗ್ರಹಣ ವೃತ್ತಿಯಲ್ಲಿ ಹೆಸರು ಮಾಡಿದರು.

ಸತ್ತ ಮೇಲೆ ಚಿತ್ರದವರನ್ನು ಜನ ಬೇಗ ಮರೆಯುತ್ತಾರೆ. ಆದರೆ 2012ರಲ್ಲಿ ಒಂದು ವಿಚಿತ್ರ ನಡೆಯಿತು. ಪಂತುಲು ಅವರು 1964ರಲ್ಲಿ ತೆಗೆದಿದ್ದ ‘ಕರ್ಣನ್’ ಎಂಬ ತಮಿಳು ಚಿತ್ರವನ್ನು ಹೊಸ ಯಂತ್ರಗಳಿಂದ ಶುಚಿಮಾಡಿ, ಮಾಸಿದ ಬಣ್ಣವನ್ನೂ ಧ್ವನಿಯನ್ನೂ ಸರಿಪಡಿಸಿ ಮತ್ತೆ ಚಿತ್ರಮಂದಿರಗಳಿಗೆ ತಂದರು. ಶಿವಾಜಿ ಕರ್ಣ, ರಾಮಾರಾವ್ ಕೃಷ್ಣ. ಹೊಸ ಚಿತ್ರಗಳ ನಡುವೆ ಅದು ಚೆನ್ನೈಯಲ್ಲಿ 100 ದಿನ ದಾಟಿ ಓಡಿತು. ಅಜ್ಜಂದಿರು ಮೊಮ್ಮಕ್ಕಳ ಕೈಹಿಡಿದು ಬಂದರು. ಅದರ ಯಶಸ್ಸನ್ನು ಕಂಡು 2014ರಲ್ಲಿ ‘ಆಯಿರತ್ತಿಲ್ ಒರುವನ್’ ಕೂಡ ಹಾಗೆಯೇ ಮರಳಿತು. ಕನ್ನಡದ ‘ಸ್ಕೂಲ್ ಮಾಸ್ಟರ್’ಗೆ ಅಂಥ ಭಾಗ್ಯ ಬರಬೇಕೆಂದು ನಮ್ಮ ಆಸೆ. ಬರುವವರೆಗೆ ಕಾಯದೆ, ಇರುವ ಪ್ರತಿಯನ್ನೇ ನಮ್ಮ ಮಕ್ಕಳಿಗೆ ತೋರಿಸಲು ನಿಶ್ಚಯಿಸಿದೆವು.

ಎರಡು ಶನಿವಾರ ಮಧ್ಯಾಹ್ನ, ತರಗತಿಯ ಗೋಡೆಯ ದೊಡ್ಡ ಪರದೆಯ ಮೇಲೆ ಅರ್ಧರ್ಧವಾಗಿ ತೋರಿಸಿದೆವು. ಮನೆಯ ಹಿರಿಯರೂ ಬರಬಹುದೆಂದು ಹೇಳಿ ಕಳುಹಿಸಿದ್ದೆವು. ಮೊದಲ ಅರ್ಧಗಂಟೆ ಗದ್ದಲವೇ ಗದ್ದಲ. ಕಪ್ಪುಬಿಳುಪು ಚಿತ್ರ, ನಿಧಾನವಾದ ಮಾತು. ಹಿಂದಿನ ಬೆಂಚಿನವರು ಆಕಳಿಸಿದರು. ಪ್ರಾರ್ಥನೆ ಬಂದಾಗ ಮಾತ್ರ ಇಡೀ ತರಗತಿ ದನಿಗೂಡಿಸಿತು. ಎರಡನೆಯ ಶನಿವಾರ, ಗಂಡಹೆಂಡಿರು ಬೇರೆ ಬೇರೆ ಮಕ್ಕಳ ಮನೆಗೆ ಹೊರಡುವಲ್ಲಿಗೆ ಬಂದಾಗ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ನಮ್ಮ ಮಂಡಲದ ಎಷ್ಟೋ ಮನೆಗಳಲ್ಲಿ ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುತ್ತಾರೆ. ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ನಮ್ಮ ವಿದ್ಯಾರ್ಥಿಗಳು. ಯಾರು ಯಾರ ಮನೆಯಲ್ಲಿ ಉಳಿಯಬೇಕೆಂಬ ಲೆಕ್ಕಾಚಾರ ಆ ಮಕ್ಕಳಿಗೆ ಹೊಸದಲ್ಲ. ಚಿತ್ರದ ಮಕ್ಕಳು ಕೆಟ್ಟವರು, ನಮ್ಮ ಜನ ಬಡವರು, ಎರಡೂ ಒಂದೇ ಅಲ್ಲವೆಂದು ಹತ್ತನೆಯ ತರಗತಿಯ ಒಬ್ಬಳು ಹುಡುಗಿ ಆಮೇಲೆ ವಾದಿಸಿದಳು. ಅವಳ ಮಾತನ್ನು ನಾವು ಒಪ್ಪಿಕೊಂಡೆವು.

ಮೊದಲು ಹೇಳಿದ ಹುಡುಗನ ಅಜ್ಜಿಯೂ ಎರಡು ದಿನವೂ ಬಂದಿದ್ದರು. ನೆಲದ ಮೇಲೆ ಕೂರಲು ಮಂಡಿ ಬಿಡುವುದಿಲ್ಲವೆಂದು ಉಪಾಧ್ಯಾಯರ ಕೊಠಡಿಯಿಂದ ಒಂದು ಕುರ್ಚಿ ತರಿಸಿ ಹಾಕಿದೆವು. ಈ ಸಲ ಅವರು ಅಳಲಿಲ್ಲ. ಕೊನೆ ಬೇರೆ ರೀತಿ ಇತ್ತೆಂದು ಇಷ್ಟು ವರ್ಷವೂ ತಪ್ಪಾಗಿ ನೆನಪಿಟ್ಟುಕೊಂಡಿದ್ದರಂತೆ. ಮೇಷ್ಟ್ರಿಗೆ ಮನೆ ಮರಳಿ ಸಿಗುವುದು ಅವರಿಗೆ ಹೊಸ ಸಂಗತಿಯಾಯಿತು. ಕರೆದೊಯ್ಯಲು ಬಂದ ಮಗ ಬಾಗಿಲಲ್ಲಿಯೇ ನಿಂತು ಕೊನೆಯ ಭಾಗವನ್ನೆಲ್ಲ ನೋಡಿದರು. ‘ಬಡಿ ಪಂತುಲು’ ಆಮೇಲಿನದೆಂದು ನಗುತ್ತಲೇ ಒಪ್ಪಿಕೊಂಡರು, ರಾಮಾರಾವ್ ವಿಷಯದಲ್ಲಿ ಮಾತ್ರ ಸೋಲಲಿಲ್ಲ. ಮುಂದಿನ ಸಲ ‘ಶ್ರೀಕೃಷ್ಣದೇವರಾಯ’ ತೋರಿಸುವೆವೆಂದು ನಾವು ಹೇಳಿದೆವು. ಅಜ್ಜಿಯ ಯಜಮಾನರು ಬಳ್ಳಾರಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾರೆ. ಮೆಟ್ಟಿಲು ಇಳಿಯುತ್ತಾ ಅಜ್ಜಿ ನಮ್ಮ ಕಡೆ ತಿರುಗಿ, ಚಿತ್ರ ಯುಗಾದಿ ಹೊತ್ತಿಗೆ ಇಟ್ಟುಕೊಂಡರೆ ಕುರ್ಚಿ ಎರಡು ಬೇಕಾದಾವೆಂದು ತಿಳಿಸಿ ಹೋದರು.